ನಮ್ಮೂರ ದಾರಿಯಲ್ಲಿ ಬಂದ ಯುದ್ಧ: ಕಲ್ಯಾಣಿ, ಹುಮನಾಬಾದ್, 1948

ಸೆಪ್ಟೆಂಬರ್ 17 ಬಂತೆಂದರೆ ನಮ್ಮ ಬೀದರ್ ಕಡೆ ಮತ್ತೊಂದು ಸಲ ಧ್ವಜ ಏರುತ್ತೆ. ಪಟೇಲರ ಫೋಟೋಗೆ ಹಾರ, ಶಾಲೆ ಮಕ್ಕಳಿಗೆ ಸಿಹಿ, ಆಮೇಲೆ ಭಾಷಣ. ಮೊದಲು ಅದಕ್ಕೆ 'ಹೈದರಾಬಾದ್ ಕರ್ನಾಟಕ ವಿಮೋಚನಾ ದಿನ' ಅಂತಿದ್ದರು. 2019ರಿಂದ 'ಕಲ್ಯಾಣ ಕರ್ನಾಟಕ ಉತ್ಸವ' ಅಂತಾರೆ. ಹೆಸರು ಬದಲಾಯ್ತು, ಭಾಷಣ ಬದಲಾಗಲಿಲ್ಲ. ನಿಜಾಮ, ರಜಾಕಾರರು, ಪಟೇಲರು, ಐದು ದಿನದ ಪೊಲೀಸ್ ಕಾರ್ಯಾಚರಣೆ, ಜೈ ಹಿಂದ್. ಇಷ್ಟೇ.

ಹಳೇ ಮೈಸೂರು ಕಡೆಯ ಗೆಳೆಯರಿಗೆ ಇಷ್ಟೂ ಗೊತ್ತಿರಲ್ಲ ಬಿಡಿ. "ನಿಮಗೆ ಎರಡೆರಡು ಸ್ವಾತಂತ್ರ್ಯ ದಿನ ಯಾಕ್ರೀ?" ಅಂತ ಕೇಳ್ತಾರೆ. ದೇಶಕ್ಕೆ ಸ್ವಾತಂತ್ರ್ಯ ಬಂದ ಮೇಲೂ ಹದಿಮೂರು ತಿಂಗಳು ನಾವು ಬೇರೆ ದೇಶದಲ್ಲಿದ್ದೆವು, ಅಥವಾ ಹಾಗಂತ ನಮ್ಮ ದೊರೆ ಹೇಳುತ್ತಿದ್ದ ಅಂತ ಅವರಿಗೆ ವಿವರಿಸಬೇಕು. ಆದರೆ ನಾನೀಗ ಬರೆಯಲು ಕೂತಿದ್ದು ಬೇರೆ ಮಾತಿಗೆ. ಆ ಹದಿಮೂರು ತಿಂಗಳ ಜಗಳ ಯಾತರ ಮೇಲಿತ್ತು?

ಈ ಪ್ರಶ್ನೆ ನನಗೆ ಗಟ್ಟಿಯಾಗಿ ಹತ್ತಿಕೊಂಡಿದ್ದು ಅಮೆರಿಕದ ಅಂತರ್ಯುದ್ಧದ ಬಗ್ಗೆ ಓದುವಾಗ. ಆ ಕಥೆ ನಿಮಗೆ ಗೊತ್ತೇ ಇದೆ. 1860ರ ಡಿಸೆಂಬರಿನಲ್ಲಿ ಸೌತ್ ಕೆರೊಲಿನಾ ಒಕ್ಕೂಟ ಬಿಟ್ಟು ಹೊರಟಿತು. ಅದರ ಹಿಂದೆ ಹತ್ತು ರಾಜ್ಯಗಳು ಹೊರಟವು. 1861ರ ಏಪ್ರಿಲ್‌ನಿಂದ ನಾಲ್ಕು ವರ್ಷ ಕಡಿದಾಡಿದರು, ಆರು ಲಕ್ಷಕ್ಕೂ ಹೆಚ್ಚು ಜನ ಸತ್ತರು. ದಕ್ಷಿಣದಲ್ಲಿ ಆಗ ಸುಮಾರು 40 ಲಕ್ಷ ಗುಲಾಮರಿದ್ದರು. ಬೇರೆ ಹೋದವರ ಉಪಾಧ್ಯಕ್ಷ ಅಲೆಕ್ಸಾಂಡರ್ ಸ್ಟೀಫನ್ಸ್, ನಮ್ಮ ಹೊಸ ಸರ್ಕಾರದ ಮೂಲೆಗಲ್ಲೇ ಗುಲಾಮಗಿರಿ ಅನ್ನುವ ಅರ್ಥದ ಮಾತನ್ನು 1861ರ ಮಾರ್ಚಿನಲ್ಲೇ ಆಡಿದ್ದ. ಒಂಚೂರೂ ಮುಚ್ಚುಮರೆ ಇಲ್ಲ. ಸೋತ ಮೇಲೆ ಮಾತ್ರ ರಾಗ ಬದಲಾಯ್ತು! ಗುಲಾಮಗಿರಿಯ ಜಗಳ ಅಲ್ಲ, ರಾಜ್ಯಗಳ ಹಕ್ಕಿನ ಜಗಳ ಅಂತ ಅದೇ ಜನ ಪುಸ್ತಕ ಬರೆದರು, ಊರೂರಲ್ಲಿ ಪ್ರತಿಮೆ ನಿಲ್ಲಿಸಿದರು. ನೂರೈವತ್ತು ವರ್ಷ ಕಳೆದರೂ ಅಲ್ಲಿ ಈ ಜಗಳ ಮುಗಿದಿಲ್ಲ.

ಯುದ್ಧ ಮುಗಿದ ಮೇಲೆ ಯುದ್ಧದ ಕಾರಣವನ್ನು ತಿದ್ದುವ ಈ ಕೆಲಸ ನಮ್ಮಲ್ಲೂ ನಡೆದಿದೆ. ನಮ್ಮಲ್ಲಿ ಸೋತವರಿಗಿಂತ ಗೆದ್ದವರು ಅದನ್ನು ಹೆಚ್ಚು ಮಾಡಿದರು, ಅಷ್ಟೇ ವ್ಯತ್ಯಾಸ.

ಮೊದಲು ದೊಡ್ಡ ಚಿತ್ರ. ಹೈದರಾಬಾದ್ ಸಣ್ಣ ಸಂಸ್ಥಾನವಲ್ಲ. 82 ಸಾವಿರ ಚದರ ಮೈಲಿ, 1941ರ ಜನಗಣತಿಯ ಪ್ರಕಾರ 1 ಕೋಟಿ 63 ಲಕ್ಷ ಜನ. ತೆಲುಗು, ಮರಾಠಿ, ಕನ್ನಡ, ಉರ್ದು. ಬಹುಪಾಲು ಹಿಂದೂಗಳು, ಆಳುವವರು ಮುಸ್ಲಿಮರು. ಬ್ರಿಟಿಷರು ಹೋಗುವುದು ಖಾತ್ರಿಯಾದಾಗ, 1947ರ ಜೂನ್‌ನಲ್ಲಿ, ನಿಜಾಮ ಮೀರ್ ಉಸ್ಮಾನ್ ಅಲಿ ಖಾನ್ ಒಂದು ಫರ್ಮಾನು ಹೊರಡಿಸಿದ. ತಾನು ಭಾರತಕ್ಕೂ ಸೇರಲ್ಲ, ಪಾಕಿಸ್ತಾನಕ್ಕೂ ಸೇರಲ್ಲ, ಸ್ವತಂತ್ರ ದೊರೆ ಅಂತ. ನವೆಂಬರ್ 29ಕ್ಕೆ ಭಾರತದ ಜೊತೆ ಒಂದು ವರ್ಷದ ಯಥಾಸ್ಥಿತಿ ಒಪ್ಪಂದ ಆಯ್ತು.

ಕಾನೂನು ಬಲ್ಲವರು ಇಲ್ಲಿ ತಕರಾರು ತೆಗೆಯಬಹುದು. ಒಕ್ಕೂಟದೊಳಗೆ ಇದ್ದು ಹೊರಗೆ ಹೋಗುವುದು ಬೇರೆ, ಒಳಗೆ ಬರಲು ಒಲ್ಲೆ ಅನ್ನುವುದು ಬೇರೆ ಅಂತ. ಸರಿ, ಒಪ್ಪೋಣ. ಆದರೂ ಎರಡು ಕಡೆಯವರ ವರಸೆ ಎಷ್ಟು ಹೋಲುತ್ತದೆ ನೋಡಿ. ಅಮೆರಿಕದ ದಕ್ಷಿಣದವರು ಹತ್ತಿಯ ಆಸೆ ತೋರಿಸಿ ಇಂಗ್ಲೆಂಡ್, ಫ್ರಾನ್ಸ್‌ಗಳ ಮಾನ್ಯತೆಗಾಗಿ ಅಲೆದರು. ನಿಜಾಮನ ಸರ್ಕಾರ ವಿಶ್ವಸಂಸ್ಥೆಯ ಭದ್ರತಾ ಮಂಡಳಿಗೆ ದೂರು ಒಯ್ದಿತು. ಲಿಂಕನ್ ಅದನ್ನು ಎರಡು ದೇಶಗಳ ಯುದ್ಧ ಅಂತ ಒಪ್ಪಲೇ ಇಲ್ಲ, ಬಂಡಾಯ ಅಂದ. ದೆಹಲಿಯವರು ಟ್ಯಾಂಕು, ವಿಮಾನ ಎಲ್ಲ ಕಳಿಸಿ 'ಪೊಲೀಸ್ ಕಾರ್ಯಾಚರಣೆ' ಅಂದರು! ಮನೆಯೊಳಗಿನ ವಿಷಯ, ಹೊರಗಿನವರಿಗೆ ಕೆಲಸವಿಲ್ಲ ಅಂತ ಹೇಳುವ ರೀತಿ ಅದು.

ಈಗ ನಮ್ಮ ಊರುಗಳಿಗೆ ಬರೋಣ.

ಇವತ್ತು ಬಸವಕಲ್ಯಾಣ ಅನ್ನುವ ಊರಿಗೆ ಆಗ ಕಲ್ಯಾಣಿ ಅಂತಿದ್ದರು. ಅದೊಂದು ಜಾಗೀರು, ಅದಕ್ಕೊಬ್ಬ ನವಾಬ, ಕೋಟೆಯೊಳಗೆ ಅವನ ಮಹಲು. ಹನ್ನೆರಡನೇ ಶತಮಾನದಲ್ಲಿ ಬಸವಣ್ಣ, ಬಿಜ್ಜಳರಿದ್ದ ಕಲ್ಯಾಣ ಇದೇ. ಜಾತಿ ಮೀರಿದ ಒಂದು ಮದುವೆಗೆ ಹರಳಯ್ಯ, ಮಧುವರಸರು ಪ್ರಾಣ ತೆತ್ತ, ಊರಿಗೆ ಊರೇ ಹೊತ್ತಿ ಉರಿದ ಜಾಗ. (ಮೇಲು-ಕೀಳಿನ ಮೇಲೆ ನಡೆದ ಅಂತರ್ಯುದ್ಧ ಅಂತ ಕರ್ನಾಟಕದಲ್ಲಿ ಯಾವುದಕ್ಕಾದರೂ ಕರೆಯಬಹುದಾದರೆ ಮೊದಲು ಅದಕ್ಕೇ. ಅದು ಇನ್ನೊಂದು ದೊಡ್ಡ ಬರಹವಾಗುತ್ತೆ, ಇಲ್ಲಿ ಬೇಡ.) ಪಕ್ಕದ ಹುಮನಾಬಾದ್, ಚಿಟಗುಪ್ಪ ಸೀಮೆ ಪಾಯಗಾ ಅಮೀರರದ್ದು. ನಿಜಾಮನ ಬೀಗರಾದ ಈ ದೊಡ್ಡ ಮನೆತನಗಳಿಗೆ ತಮ್ಮದೇ ತಾಲೂಕು, ತಮ್ಮದೇ ವಸೂಲಿ. ಇಡೀ ಸಂಸ್ಥಾನದ ನೆಲದಲ್ಲಿ ಸರಿಸುಮಾರು 60 ಭಾಗ ಮಾತ್ರ ಸರ್ಕಾರದ್ದು. ಉಳಿದದ್ದರಲ್ಲಿ 10 ಭಾಗ ನಿಜಾಮನ ಸ್ವಂತದ 'ಸರ್ಫ್-ಎ-ಖಾಸ್', 30 ಭಾಗ ಜಾಗೀರು, ಪಾಯಗಾ ಇತ್ಯಾದಿ.

ಸರ್ಕಾರಿ ಹಳ್ಳಿಯಲ್ಲಿ ಕಂದಾಯ ಇಷ್ಟು ಅಂತ ಬರಹದಲ್ಲಾದರೂ ಇರುತ್ತಿತ್ತು. ಜಾಗೀರಿನಲ್ಲಿ ಜಾಗೀರುದಾರನ ಗುಮಾಸ್ತ ಹೇಳಿದ್ದೇ ಲೆಕ್ಕ. ಅವನ ಕೆಳಗೆ ಊರ ಪಾಟೀಲ, ಕುಲಕರ್ಣಿ. ಅವರಲ್ಲಿ ಬಹಳಷ್ಟು ಜನ ಹಿಂದೂಗಳೇ! ಅವರೆಲ್ಲರ ಕೆಳಗೆ ಬಿಟ್ಟಿ ಚಾಕರಿ. ಅಧಿಕಾರಿ ಬಂದರೆ ಸಾಮಾನು ಹೊರುವುದು, ಕಟ್ಟಿಗೆ ಒಡೆಯುವುದು, ಓಲೆ ಒಯ್ಯುವುದು, ಸತ್ತ ದನ ಎಳೆಯುವುದು. ಕೂಲಿ ಇಲ್ಲ. ಇದು ದಲಿತ ಕೇರಿಯ ಪಾಲಿಗೆ ಹುಟ್ಟಿನಿಂದ ಬಂದ ಕೆಲಸ. ಸಾಲಕ್ಕೆ ಸಿಕ್ಕ ಜೀತ ಬೇರೆ. ಮದುವೆಗೋ ಹೊಟ್ಟೆಗೋ ಅಂತ ಒಂದಷ್ಟು ರೂಪಾಯಿ ತಂದವನು ಒಡೆಯನ ಹೊಲದಲ್ಲಿ ದುಡಿಯುತ್ತಲೇ ಇರಬೇಕು, ಸಾಲ ತೀರದಿದ್ದರೆ ಮಗ ಬರಬೇಕು. ಸಂಸ್ಥಾನದ ತೆಲುಗು ಸೀಮೆಯಲ್ಲಿ ಈ ಜೀತಕ್ಕೆ 'ಭಾಗೇಲ' ಅನ್ನುತ್ತಿದ್ದರು. ಅದು ಎಷ್ಟು ಕೆಟ್ಟಿತ್ತೆಂದರೆ ನಿಜಾಮನ ಸರ್ಕಾರವೇ 1936ರಲ್ಲಿ ಭಾಗೇಲ ಕರಾರುಗಳ ಮೇಲೆ ಕಾಯ್ದೆ ತರಬೇಕಾಯ್ತು. ಕಾಯ್ದೆ ಕಾಗದದಲ್ಲಿ ಉಳಿಯಿತು.

ಇದು ಅಮೆರಿಕದ ಗುಲಾಮಗಿರಿಗೆ ಸಮ ಅಂತ ನಾನು ಹೇಳ್ತಿಲ್ಲ. ಇಲ್ಲಿ ಮನುಷ್ಯರನ್ನು ಸಂತೆಯಲ್ಲಿ ನಿಲ್ಲಿಸಿ ಹರಾಜು ಹಾಕುತ್ತಿರಲಿಲ್ಲ. ಆದರೆ ಯಾರ ನೆಲ, ಯಾರ ದುಡಿಮೆ ಅನ್ನುವ ಪ್ರಶ್ನೆ ಇಲ್ಲೂ ಅಡಿಪಾಯದಲ್ಲೇ ಇತ್ತು. 'ಸ್ವತಂತ್ರ ಹೈದರಾಬಾದ್' ಉಳಿದರೆ ಉಳಿಯುತ್ತಿದ್ದದ್ದು ನಿಜಾಮನ ಕಿರೀಟ ಒಂದೇ ಅಲ್ಲ, ಜಾಗೀರುಗಳೂ ಕೂಡ.

ಗಲಾಟೆಯ ಬೇರು 1948ಕ್ಕಿಂತ ಹಿಂದಿನದು. ಕನ್ನಡ ಶಾಲೆಯೇ ಕಷ್ಟವಾಗಿದ್ದ ಕಾಲ. ಭಾಲ್ಕಿ ಹಿರೇಮಠದ ಚೆನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಬೋರ್ಡು ಹಾಕಿ ಒಳಗೆ ಕನ್ನಡ ಕಲಿಸಿದ ಕಥೆ ಬೀದರಿನ ಪ್ರತಿ ಮಗುವಿಗೂ ಗೊತ್ತು. ಆರ್ಯಸಮಾಜ ಬೇರೂರಿತ್ತು. 1938ರಲ್ಲಿ ಕಲ್ಯಾಣಿಯಲ್ಲಿ ಧರ್ಮಪ್ರಕಾಶ ಎಂಬ ಆರ್ಯಸಮಾಜದ ಯುವಕನ ಕೊಲೆಯಾಯ್ತು. ಅದೇ ವರ್ಷ ಕೊನೆಗೆ ಭಾಯಿ ಶ್ಯಾಮಲಾಲ್ ಬೀದರ್ ಜೈಲಿನಲ್ಲಿ ತೀರಿಕೊಂಡರು. 1942ರ ಹೋಳಿಯ ಹೊತ್ತಿಗೆ ಹುಮನಾಬಾದಿನಲ್ಲಿ ಶಿವಚಂದ್ರ ಮತ್ತು ಅವರ ಜೊತೆಗಾರರು ಕೊಲೆಯಾದರು. ಅದೇ ಹುಮನಾಬಾದಿನ ಮಗ್ಗುಲಲ್ಲೇ ಮಾಣಿಕನಗರ ಇದೆ. ಮಾಣಿಕ ಪ್ರಭುಗಳ (1817-1865) ಸಕಲಮತ ಸಂಪ್ರದಾಯಕ್ಕೆ ಹಿಂದೂಗಳೂ ಮುಸ್ಲಿಮರೂ ನಡೆದುಕೊಳ್ಳುತ್ತಿದ್ದ ಊರು. ಒಂದೇ ಊರಿನಲ್ಲಿ ಇವೆರಡೂ ಇದ್ದವು.

1947ರ ಆಗಸ್ಟ್ 7ರಿಂದ ಸ್ವಾಮಿ ರಮಾನಂದ ತೀರ್ಥರ ಸ್ಟೇಟ್ ಕಾಂಗ್ರೆಸ್ 'ಭಾರತಕ್ಕೆ ಸೇರಿ' ಚಳವಳಿ ಶುರು ಮಾಡಿತು. ಆಗಸ್ಟ್ 15ಕ್ಕೆ ದೆಹಲಿಯಲ್ಲಿ ಸಂಭ್ರಮ, ಇಲ್ಲಿ ರಮಾನಂದರ ಬಂಧನ. ಆ ಕಡೆ ಲಾತೂರಿನ ವಕೀಲ ಕಾಸಿಂ ರಜ್ವಿ ಇತ್ತೆಹಾದ್ ಪಕ್ಷದ ಮುಂದಾಳಾಗಿ ರಜಾಕಾರ್ ಪಡೆಯನ್ನು ಊರೂರಿಗೆ ಹಬ್ಬಿಸಿದ. ರಜಾಕಾರ್ ಅಂದರೆ ಸ್ವಯಂಸೇವಕ ಅಂತ ಅರ್ಥ, ಪಾಪ! ನಮ್ಮ ಕಡೆ ಹಿರಿಯರು ಆ ಕಾಲವನ್ನೇ 'ರಜಾಕಾರರ ಹಾವಳಿ' ಅಂತ ಕರೆದರು. ಸಾವಿರಾರು ಕುಟುಂಬಗಳು ಗಡಿ ದಾಟಿ ಸೊಲ್ಲಾಪುರ, ಬಾರ್ಶಿ ಕಡೆಗೆ ಹೋದವು. ಗಡಿಯಾಚೆ ಕಾಂಗ್ರೆಸ್ಸಿನವರ ಶಿಬಿರಗಳು. ದಕ್ಷಿಣಕ್ಕೆ ಮುಂಡರಗಿಯಲ್ಲಿ ಅಳವಂಡಿ ಶಿವಮೂರ್ತಿ ಸ್ವಾಮಿಗಳದ್ದು ಹೆಸರಾದದ್ದು. ಅಲ್ಲಿಂದ ಹುಡುಗರು ಬಂದೂಕು ಹಿಡಿದು ಒಳಗೆ ಬಂದು ನಾಕೆ, ಠಾಣೆಗಳ ಮೇಲೆ ಬೀಳುತ್ತಿದ್ದರು. ಅದರ ಸೇಡಿಗೆ ರಜಾಕಾರರು ಹಳ್ಳಿಗಳ ಮೇಲೆ ಬೀಳುತ್ತಿದ್ದರು.

ಗೋರ್ಟಾದಲ್ಲಿ ಆದದ್ದು ಇದರ ತುದಿ. ಬಸವಕಲ್ಯಾಣ ತಾಲೂಕಿನ ಈ ಹಳ್ಳಿಯ ಮೇಲೆ 1948ರ ಮೇ 9ರಂದು ರಜಾಕಾರರು ಗುಂಪು ಕಟ್ಟಿ ಬಂದರು. ಸುಲಿದರು, ಬೆಂಕಿ ಇಟ್ಟರು, ಸಿಕ್ಕವರನ್ನು ಕೊಂದರು. ಸತ್ತವರು ಇನ್ನೂರು ಅಂತ ಊರಿನ ಲೆಕ್ಕ. ಊರಿನ ಒಬ್ಬ ಸಾಹುಕಾರರ ಗಟ್ಟಿ ಕಲ್ಲಿನ ವಾಡೆಯೊಳಗೆ ನುಗ್ಗಿ ಬಾಗಿಲು ಹಾಕಿಕೊಂಡ ನೂರಾರು ಜನ ಬದುಕಿದರು. ಜಲಿಯನ್‌ವಾಲಾ ಬಾಗ್ ಗೊತ್ತಿರುವ ಕನ್ನಡಿಗರಲ್ಲಿ ಎಷ್ಟು ಜನಕ್ಕೆ ಗೋರ್ಟಾ ಗೊತ್ತು, ನೀವೇ ಹೇಳಿ. ನಾವು ಓದಿದ ಕನ್ನಡ ಪಠ್ಯದಲ್ಲಿ ಅದಕ್ಕೆ ಒಂದು ಸಾಲೂ ಇರಲಿಲ್ಲ.

ಇದನ್ನೆಲ್ಲ ಹಿಂದೂ-ಮುಸ್ಲಿಂ ಜಗಳ ಅಂತ ಒಂದೇ ಮಾತಲ್ಲಿ ಮುಗಿಸುವವರಿಗೆ ಎರಡು ಹೆಸರು ಹೇಳಬೇಕು.

ಒಂದು, ಶೋಯೇಬುಲ್ಲಾ ಖಾನ್. ಹೈದರಾಬಾದಿನ 'ಇಮ್ರೋಜ್' ಉರ್ದು ಪತ್ರಿಕೆಯ ಸಂಪಾದಕ, ಇನ್ನೂ ಮೂವತ್ತು ದಾಟದ ಹುಡುಗ. ರಜಾಕಾರರ ವಿರುದ್ಧ, ಭಾರತಕ್ಕೆ ಸೇರುವ ಪರವಾಗಿ ಬರೆದ. 1948ರ ಆಗಸ್ಟಿನಲ್ಲಿ ರಾತ್ರಿ ಮನೆಗೆ ಹೋಗುವಾಗ ಅವನನ್ನು ಬೀದಿಯಲ್ಲೇ ಕೊಂದರು.

ಇನ್ನೊಂದು, ಬಿ. ಶ್ಯಾಮಸುಂದರ್. ಇದು ಸ್ವಲ್ಪ ನಿಧಾನವಾಗಿ ಹೇಳಬೇಕಾದ ವಿಷಯ. ಅಮೆರಿಕದಲ್ಲಿ ಗುಲಾಮರಿಗೆ ಯಾವ ಸೈನ್ಯದ ಕಡೆ ಓಡಬೇಕು ಅಂತ ಗೊಂದಲ ಇರಲಿಲ್ಲ, ಉತ್ತರದ ಸೈನ್ಯ ಹತ್ತಿರ ಬಂದಂತೆ ತೋಟ ಬಿಟ್ಟು ಅತ್ತ ಓಡಿದರು. ನಮ್ಮಲ್ಲಿ ಹಾಗಲ್ಲ. ಹೈದರಾಬಾದಿನ ದಲಿತ ನಾಯಕರಲ್ಲಿ ಒಂದು ಭಾಗ ನಿಜಾಮನ ಕಡೆ ನಿಂತಿತು. ಬಿ.ಎಸ್. ವೆಂಕಟರಾವ್ ಲಾಯಕ್ ಅಲಿಯ ಮಂತ್ರಿಮಂಡಲದಲ್ಲಿ ಮಂತ್ರಿಯಾದರು. ಶ್ಯಾಮಸುಂದರ್ ವಿಶ್ವಸಂಸ್ಥೆಗೆ ಹೋದ ಹೈದರಾಬಾದ್ ನಿಯೋಗದಲ್ಲಿದ್ದರು. ಇವರನ್ನು ದ್ರೋಹಿಗಳು ಅನ್ನುವುದು ಸುಲಭ. ಆದರೆ ಕೇರಿಯಲ್ಲಿ ನಿಂತು ನೋಡಿದರೆ ಏನು ಕಾಣುತ್ತಿತ್ತು? ಬಿಟ್ಟಿ ಮಾಡಿಸುವ ಪಾಟೀಲ, ಬಾವಿ ಮುಟ್ಟಲು ಬಿಡದ ಊರು, ಇವರೇ ನಾಳೆ ಭಾರತ ಬಂದರೆ ದೊರೆಗಳಾಗುತ್ತಾರೆ ಅನ್ನುವ ಭಯ. ಅತ್ತ ಜಾಗೀರುದಾರ, ಇತ್ತ ಪಾಟೀಲ. ಅಂಬೇಡ್ಕರ್ ಬೇರೆಯದೇ ಹೇಳಿದ್ದರು. 1947ರ ನವೆಂಬರಿನ ಹೇಳಿಕೆಯಲ್ಲಿ ಹೈದರಾಬಾದಿನ ಪರಿಶಿಷ್ಟರು ನಿಜಾಮನ ಪಕ್ಷ ವಹಿಸಬಾರದು, ಮತಾಂತರಕ್ಕೆ ಬಲಿಯಾಗಬಾರದು ಅಂತ ಖಡಕ್ಕಾಗಿ ಎಚ್ಚರಿಸಿದ್ದರು. ನನಗೆ ಅಂಬೇಡ್ಕರರ ಲೆಕ್ಕವೇ ಸರಿ ಅನ್ನಿಸುತ್ತೆ. ಆದರೂ ವೆಂಕಟರಾವ್, ಶ್ಯಾಮಸುಂದರ್ ಯಾಕೆ ಹಾಗೆ ಮಾಡಿದರು ಅಂತ ಕೇಳದೇ ಆ ಕಾಲ ಅರ್ಥವಾಗಲ್ಲ.

ಯುದ್ಧ ಬಂದದ್ದು ನಮ್ಮ ರಸ್ತೆಯಲ್ಲೇ. ಇವತ್ತಿನ ರಾಷ್ಟ್ರೀಯ ಹೆದ್ದಾರಿ 65, ಸೊಲ್ಲಾಪುರದಿಂದ ಹೈದರಾಬಾದಿಗೆ ಹೋಗುವ ದಾರಿ. ಬಸವಕಲ್ಯಾಣಕ್ಕೆ ತಿರುಗುವ ಸಸ್ತಾಪುರ ಬಂಗ್ಲಾ, ಮುಂದೆ ರಾಜೇಶ್ವರ, ಹುಮನಾಬಾದ್, ಜಹೀರಾಬಾದ್. ಸೆಪ್ಟೆಂಬರ್ 13ರ ಬೆಳಗಿನ ಜಾವ ಮೇಜರ್ ಜನರಲ್ ಜೆ.ಎನ್. ಚೌಧರಿಯ ಸೈನ್ಯ ಸೊಲ್ಲಾಪುರ ಕಡೆಯಿಂದ ನುಗ್ಗಿ ನಳದುರ್ಗ ಹಿಡಿಯಿತು. ಮರುದಿನ ಉಮರ್ಗಾದಿಂದ ರಾಜೇಶ್ವರದ ಕಡೆ. ದಾರಿಯಲ್ಲಿ ಹೊಂಚು ಹಾಕಿ ಕೂತವರಿದ್ದಾರೆ ಅಂತ ಮೇಲಿಂದ ಕಂಡು ವಿಮಾನಗಳು ಬಾಂಬು ಹಾಕಿದವು, ಮಧ್ಯಾಹ್ನದ ಹೊತ್ತಿಗೆ ರಾಜೇಶ್ವರ ಕೈಗೆ ಬಂತು. ಮುಂದೆ ಹುಮನಾಬಾದ್ ದಾಟಿ 16ಕ್ಕೆ ಜಹೀರಾಬಾದ್. 17ರ ನಸುಕಿನಲ್ಲಿ ಬೀದರಿಗೆ ಸೈನ್ಯ ಬಂತು, ಅಂದೇ ಸಂಜೆ ನಿಜಾಮ ಕೈ ಚೆಲ್ಲಿದ. 18ರಂದು ಅವನ ಸೇನಾಪತಿ ಎಲ್ ಎದ್ರೂಸ್ ಚೌಧರಿಗೆ ಶರಣಾದ. ಭಾಷಣಗಳು ನಿಲ್ಲುವುದು ಇಲ್ಲಿಗೇ.

ಸಾವು ಇಲ್ಲಿಗೆ ನಿಲ್ಲಲಿಲ್ಲ. ಸೈನ್ಯ ಮುಂದೆ ಹೋಯ್ತು, ಹಿಂದೆ ಹಳ್ಳಿಗಳಲ್ಲಿ ಸೇಡು ಶುರುವಾಯ್ತು. ಓಡಿಹೋಗಿದ್ದವರು ವಾಪಸ್ ಬಂದರು. ರಜಾಕಾರರಲ್ಲಿ ಎಷ್ಟೋ ಜನ ಆಗಲೇ ಪರಾರಿ. ಸಿಕ್ಕಿದ್ದು ಅವರ ಊರಿನ ಬಡ ಮುಸ್ಲಿಮರು, ಕೂಲಿಯವರು, ನೇಕಾರರು, ಕಸಾಯಿಗಳು. ಸುದ್ದಿ ದೆಹಲಿ ಮುಟ್ಟಿ, ನೆಹರೂ ಪಂಡಿತ್ ಸುಂದರಲಾಲ್, ಕಾಜಿ ಅಬ್ದುಲ್ ಗಫಾರ್, ಮೌಲಾನಾ ಅಬ್ದುಲ್ಲಾ ಮಿಸ್ರಿ ಇವರನ್ನು ಕಳಿಸಿದರು. 1948ರ ನವೆಂಬರ್ 29ರಿಂದ ಡಿಸೆಂಬರ್ 21ರವರೆಗೆ ಅವರು ಜಿಲ್ಲೆಗಳನ್ನು ಸುತ್ತಿದರು. ಅವರ ಅಂದಾಜು: ಇಡೀ ಸಂಸ್ಥಾನದಲ್ಲಿ ಕಾರ್ಯಾಚರಣೆಯ ವೇಳೆ ಮತ್ತು ನಂತರ ಕನಿಷ್ಠ 27 ಸಾವಿರದಿಂದ 40 ಸಾವಿರ ಸಾವು. ಅತಿ ಕೆಟ್ಟ ನಾಲ್ಕು ಜಿಲ್ಲೆಗಳು ಉಸ್ಮಾನಾಬಾದ್, ಗುಲಬರ್ಗಾ, ಬೀದರ್, ನಾಂದೇಡ್. ಈ ನಾಲ್ಕರಲ್ಲೇ 18 ಸಾವಿರಕ್ಕೆ ಕಡಿಮೆಯಿಲ್ಲ ಅಂದರು. ನಾಲ್ಕರಲ್ಲಿ ಎರಡು ನಮ್ಮವು, ಗಮನಿಸಿ. ಸೈನ್ಯದ ಶಿಸ್ತನ್ನು ಅವರು ಒಟ್ಟಾರೆ ಹೊಗಳಿದರು, ಕೆಲವು ಕಡೆ ಸೈನಿಕರೂ ಪೊಲೀಸರೂ ಕೈಜೋಡಿಸಿದ್ದನ್ನೂ ಬರೆದರು.

ಪಟೇಲರಿಗೆ ಈ ವರದಿ ಒಪ್ಪಿಗೆಯಾಗಲಿಲ್ಲ. ರಜಾಕಾರರ ಕೃತ್ಯಗಳಿಗೆ ತೂಕ ಕೊಟ್ಟಿಲ್ಲ ಅನ್ನುವ ಆಕ್ಷೇಪ ಇತ್ತು. ಅಂಕಿಗಳ ಬಗ್ಗೆ ಇವತ್ತಿಗೂ ಜಗಳವಿದೆ. ಆದರೆ ಸರ್ಕಾರ ಅದನ್ನು ಪ್ರಕಟಿಸಿ ವಾದ ಮಾಡಲಿಲ್ಲ, ದಶಕಗಳ ಕಾಲ ಮುಚ್ಚಿಟ್ಟಿತು. ಪೂರ್ತಿ ಪಾಠ ಎ.ಜಿ. ನೂರಾನಿಯವರ ಪುಸ್ತಕದಲ್ಲಿ ಅಚ್ಚಾಗಿ ಎಲ್ಲರ ಕೈಗೆ ಬಂದದ್ದು 2013ರ ಹೊತ್ತಿಗೆ. ಮುಚ್ಚಿಟ್ಟದ್ದು ತಪ್ಪು ಅಂತಲೇ ನನ್ನ ಅಭಿಪ್ರಾಯ. ಗೋರ್ಟಾದವರ ನೋವನ್ನು ಅರ್ಧ ಶತಮಾನ ಪಠ್ಯದಿಂದ ಹೊರಗಿಟ್ಟವರೂ, ಅಕ್ಟೋಬರಿನ ಸಾವುಗಳನ್ನು ಕಡತದಲ್ಲಿ ಕಟ್ಟಿಟ್ಟವರೂ ಹೇಳಿದ ಕಾರಣ ಒಂದೇ: ಈಗ ಯಾಕೆ ಹಳೇ ಗಾಯ ಕೆರೆಯೋದು ಅಂತ. ಗಾಯ ಕೆರೆದುಕೊಂಡೇ ಇತ್ತು, ಇವರು ನೋಡಲಿಲ್ಲ. ಇವತ್ತು ಮೇ ತಿಂಗಳ ಕಥೆ ಹೇಳುವವರು ಸೆಪ್ಟೆಂಬರ್ ನಂತರದ್ದು ಹೇಳಲ್ಲ. ಸೆಪ್ಟೆಂಬರ್ ನಂತರದ್ದು ಹೇಳುವವರು ಗೋರ್ಟಾದ ಹೆಸರೆತ್ತಲ್ಲ. ಎರಡನ್ನೂ ಒಂದೇ ಪುಟದಲ್ಲಿ ಬರೆದರೆ ಇಬ್ಬರಿಗೂ ಸಿಟ್ಟು!

ವರದಿಯಲ್ಲಿ ಇನ್ನೊಂದು ಮಾತಿದೆ, ಯಾರೂ ಎತ್ತಿ ಹೇಳದ್ದು. ಹಲವು ಕಡೆ ಹಿಂದೂಗಳು ಪ್ರಾಣದ ಹಂಗು ತೊರೆದು ನೆರೆಯ ಮುಸ್ಲಿಮರನ್ನು ಕಾಪಾಡಿದರು, ಅದರಲ್ಲೂ ಒಂದೇ ಕಸುಬಿನವರ ನಡುವೆ ಈ ಒಗ್ಗಟ್ಟು ಎದ್ದು ಕಾಣುತ್ತಿತ್ತು ಅಂತ. ಹಿಂದೂ ನೇಕಾರರು ಮುಸ್ಲಿಂ ನೇಕಾರರ ಪರ ನಿಂತು ತಾವೇ ಸತ್ತ ಉದಾಹರಣೆಗಳನ್ನು ಅವರು ಗುರುತಿಸಿದ್ದಾರೆ. ಮಗ್ಗದ ಗುಂಡಿಯಲ್ಲಿ ಅಕ್ಕಪಕ್ಕ ಕೂತವರಿಗೆ ಯಾರು ಯಾರ ಶತ್ರು ಅಂತ ಜಾಗೀರುದಾರ, ಪಾಟೀಲರಿಗಿಂತ ಚೆನ್ನಾಗಿ ಗೊತ್ತಿತ್ತು ಅನ್ಸುತ್ತೆ.

ಗೆದ್ದ ಮೇಲೆ ಏನಾಯ್ತು? ಅಮೆರಿಕದಲ್ಲಿ 1865ರ ಡಿಸೆಂಬರಿಗೆ ಗುಲಾಮಗಿರಿ ಸಂವಿಧಾನದಿಂದಲೇ ಹೋಯ್ತು. ಆದರೆ ಬಿಡುಗಡೆಯಾದ ಕುಟುಂಬಗಳಿಗೆ ಅದೇ ವರ್ಷದ ಆರಂಭದಲ್ಲಿ ಜನರಲ್ ಶರ್ಮನ್ ಕೊಡಿಸಿದ್ದ 40 ಎಕರೆಯ ತುಂಡುಗಳನ್ನು ಅಧ್ಯಕ್ಷ ಜಾನ್ಸನ್ ಕಿತ್ತು ಹಳೇ ಒಡೆಯರಿಗೆ ಹಿಂದಿರುಗಿಸಿದ. ನಮ್ಮಲ್ಲಿ ಜಾಗೀರು ರದ್ದತಿಯ ಕಾಯ್ದೆ 1949ರ ಆಗಸ್ಟಿನಲ್ಲಿ ಬಂತು, 1950ಕ್ಕೆ ಗೇಣಿ ಕಾಯ್ದೆ. ಚೆನ್ನಾಗಿಯೇ ಇದ್ದವು. ಜಾಗೀರುದಾರರಿಗೆ ಪರಿಹಾರ ಸಿಕ್ಕಿತು. ನಿಜಾಮನಿಗೆ ವರ್ಷಕ್ಕೆ 50 ಲಕ್ಷ ರಾಜಧನ, ಮೇಲೆ ರಾಜಪ್ರಮುಖನ ಪದವಿ, 1950ರ ಜನವರಿಯಿಂದ 1956ರ ಅಕ್ಟೋಬರ್‌ವರೆಗೆ. ಕಾಸಿಂ ರಜ್ವಿ 1957ರವರೆಗೆ ಜೈಲಲ್ಲಿದ್ದು ಪಾಕಿಸ್ತಾನಕ್ಕೆ ಹೋದ. ಬಿಟ್ಟಿ ಮಾಡಿದವನಿಗೆ ಪರಿಹಾರ ಅನ್ನುವ ಬಾಬ್ತೇ ಯಾವ ಕಾಯ್ದೆಯಲ್ಲೂ ಇರಲಿಲ್ಲ. ಜಾಗೀರುದಾರ ಹೋದ ಜಾಗಕ್ಕೆ ಪಾಟೀಲರು, ಸಾಹುಕಾರರು ಬಂದರು. ಸಂವಿಧಾನದ 23ನೇ ವಿಧಿ ಬಿಟ್ಟಿಯನ್ನು ನಿಷೇಧಿಸಿದ್ದು 1950ರಲ್ಲಿ. ಜೀತಕ್ಕೆ ದೇಶಮಟ್ಟದ ಕಾಯ್ದೆ ಬರಲು 1976 ಆಗಬೇಕಾಯ್ತು.

1956ರಲ್ಲಿ ಬೀದರ್ ಜಿಲ್ಲೆಯನ್ನೇ ಮೂರು ಪಾಲು ಮಾಡಿದರು. ಉದಗೀರ, ನಿಲಂಗಾ ಮರಾಠಿ ಕಡೆಗೆ, ಜಹೀರಾಬಾದ್, ನಾರಾಯಣಖೇಡ ತೆಲುಗು ಕಡೆಗೆ, ಉಳಿದದ್ದು ನಮಗೆ. ಒಂದೇ ಹಾವಳಿಯ ನೆನಪು ಮೂರು ಭಾಷೆಯ ಪಠ್ಯಗಳಿಗೆ ಹಂಚಿಹೋಯ್ತು.

ಗೋರ್ಟಾದಲ್ಲಿ ಈಗ ಸ್ಮಾರಕವಿದೆ. 2014ರ ಸೆಪ್ಟೆಂಬರ್ 17ಕ್ಕೆ ಅಡಿಗಲ್ಲು, 2023ರ ಮಾರ್ಚ್ 26ಕ್ಕೆ ಉದ್ಘಾಟನೆ, 103 ಅಡಿಯ ಧ್ವಜಸ್ತಂಭ, ಪಟೇಲರ ಪ್ರತಿಮೆ. ಆಗಬೇಕಿದ್ದದ್ದೇ, ತಡವಾಗಿ ಆಯ್ತು. ಉದ್ಘಾಟನೆ ಚುನಾವಣೆಗೆ ಒಂದೂವರೆ ತಿಂಗಳು ಇರುವಾಗ ಆಯ್ತು ಅನ್ನುವುದು ಬೇರೆ ಮಾತು. ಅದೇ ತಾಲೂಕುಗಳಲ್ಲಿ ಅಕ್ಟೋಬರಿನಲ್ಲಿ ಸತ್ತವರ ಹೆಸರು ಹೇಳಿ ಸಿಹಿ ಹಂಚುವ ದಿನವಂತೂ ಇರಲಾರದು, ಒಂದು ನಿಮಿಷ ಸುಮ್ಮನೆ ನಿಲ್ಲುವ ದಿನವೂ ಇಲ್ಲ.

ಶ್ಯಾಮಸುಂದರ್ ಮಾತು ಅರ್ಧಕ್ಕೆ ಬಿಟ್ಟಿದ್ದೆ. ಪೊಲೀಸ್ ಕಾರ್ಯಾಚರಣೆ ಆಗಿ ಇಪ್ಪತ್ತು ವರ್ಷಕ್ಕೆ, 1968ರ ಏಪ್ರಿಲ್‌ನಲ್ಲಿ, ಅವರು ಭೀಮಸೇನೆ ಕಟ್ಟಿದರು. ದಲಿತರಿಗೆ ಬೇರೆಯೇ ಊರುಗಳು ಬೇಕು, ಇವರ ಜೊತೆ ಬಾಳಲಾಗದು ಅನ್ನುವುದು ಅವರ ಬೇಡಿಕೆಗಳಲ್ಲೊಂದು. ಕಟ್ಟಿದ್ದು ಎಲ್ಲಿ ಅಂತೀರಿ? ನಮ್ಮ ಗುಲಬರ್ಗಾದಲ್ಲೇ.